ನಿಪಾ ಬಂದಾಗೆಲ್ಲ ಬಾವಲಿ ಮರಕ್ಕೆ ಕೊಡಲಿ ಹಾಕಿದ್ರೆ ಕಾಯಿಲೆ ನಿಲ್ಲತ್ತಾ?

ಕೇರಳದಿಂದ ನಿಪಾ, ಅಂದ್ರೆ ಹಣ್ಣು ತಿನ್ನೋ ಬಾವಲಿಯಿಂದ ಮನುಷ್ಯರಿಗೆ ದಾಟೋ ವೈರಸ್ ಕಾಯಿಲೆ, ಅದರ ಸುದ್ದಿ ಬಂತು ಅಂದ್ರೆ ಸಾಕು, ನಮ್ಮ ಕಡೆನೂ ಒಂದೆರಡು ದಿನದಲ್ಲೇ ಶುರುವಾಗತ್ತೆ. ಹಣ್ಣೇ ತಿನ್ಬೇಡಿ ಅನ್ನೋ ವಾಟ್ಸಾಪ್ ಮೆಸೇಜ್ ಒಂದು ಕಡೆ, ಕೆರೆ ಏರಿ ಮೇಲಿರೋ ಆಲದ ಮರದಲ್ಲಿ ಬಾವಲಿ ಜೋತಾಡ್ತಿವೆ ಅದನ್ನ ಮೊದ್ಲು ಕಡಿಸಿ ಅಂತ ಪಂಚಾಯ್ತಿಗೆ ಒತ್ತಾಯ ಇನ್ನೊಂದು ಕಡೆ, ಅದೂ ಆಗ್ಲಿಲ್ಲ ಅಂದ್ರೆ ಮರದ ಕೆಳಗೆ ಪಟಾಕಿ ಹೊಡೆಯೋದು, ಬುಡದಲ್ಲಿ ಹೊಗೆ ಹಾಕೋದು. ಜನಕ್ಕೆ ಭಯ ಆಗೋದ್ರಲ್ಲಿ ತಪ್ಪೇನಿಲ್ಲ, ಯಾಕಂದ್ರೆ ಇದು ಸಣ್ಣ ಕಾಯಿಲೆ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ನಿಪಾ ಬಂದವರಲ್ಲಿ ನೂರಕ್ಕೆ 40ರಿಂದ 75 ಜನ ಸಾಯ್ತಾರೆ. ಆದ್ರೆ ಆ ಭಯದಲ್ಲಿ ನಾವು ಮಾಡೋ ಕೆಲಸ ಇದ್ಯಲ್ಲ, ಮರ ಕಡಿಯೋದು, ಬಾವಲಿ ಓಡಿಸೋದು, ಅದು ಕಾಯಿಲೆನ ದೂರ ಕಳಿಸಲ್ಲ, ಹತ್ರ ಕರೆಸ್ಕೊಳ್ಳತ್ತೆ. ಇದು ಪರಿಸರ ಪ್ರೇಮದ ಭಾಷಣ ಅಲ್ಲ, ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿ ನೋಡಿರೋ ವಿಷಯ, ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದ್ಲು ಯಾವ ಬಾವಲಿ ಅಂತ ತಿಳ್ಕೊಳ್ಳೋದು ಮುಖ್ಯ. ಸಂಜೆ ಬೀದಿ ದೀಪದ ಸುತ್ತ ಪಟಪಟ ಅಂತ ಹಾರಾಡೋ ಸಣ್ಣವು, ಹಳೇ ದೇವಸ್ಥಾನದ ಗೋಪುರದೊಳಗೆ ಇರೋ ಹೆಚ್ಚಿನವು, ಹುಳ ತಿನ್ನೋ ಬಾವಲಿಗಳು, ಅವಕ್ಕೂ ನಿಮ್ಮ ಮಾವಿನ ಹಣ್ಣಿಗೂ ಸಂಬಂಧನೇ ಇಲ್ಲ. ಹಣ್ಣು ತಿನ್ನೋದ್ರಲ್ಲಿ ನಾವು ಸಾಮಾನ್ಯವಾಗಿ ನೋಡೋದು ಮೂರು ಜಾತಿ. ಆಲ, ಅರಳಿ, ಹುಣಸೆ, ನೀಲಗಿರಿ ಮರಗಳಲ್ಲಿ ಹಗಲೆಲ್ಲ ನೂರಾರು ಸಂಖ್ಯೆಯಲ್ಲಿ ಬಯಲಲ್ಲೇ ತಲೆಕೆಳಗಾಗಿ ಜೋತಾಡೋದು ದೊಡ್ಡ ಬಾವಲಿ, ರೆಕ್ಕೆ ಬಿಚ್ಚಿದ್ರೆ ಒಂದು ಮೀಟರ್‌ಗಿಂತ ಅಗಲ, ತೂಕ ಒಂದೂವರೆ ಕೆಜಿ ತನಕ ಬರತ್ತೆ, ಮುಖ ನರಿ ಥರ. ಎರಡನೇದು ಗುಹೆಗಳಲ್ಲಿ, ಪಾಳು ಕಟ್ಟಡಗಳಲ್ಲಿ ಇರೋ ಮಧ್ಯಮ ಗಾತ್ರದ್ದು. ಮೂರನೇದು ಪೇಟೆಯವರಿಗೂ ಗೊತ್ತಿರೋದು, ಲೇಔಟ್‌ಗಳಲ್ಲಿ ಸಾಲಾಗಿ ನೆಟ್ಟಿರೋ ಕಂಬದ ಅಶೋಕ ಮರ, ಗಸಗಸೆ ಹಣ್ಣಿನ ಮರದ ಹತ್ರ ರಾತ್ರಿ ಸುಳಿದಾಡೋ ಗಿಡ್ಡ ಮೂತಿಯ ಬಾವಲಿ, ಬೆಳಗ್ಗೆ ಎದ್ದು ನೋಡಿದ್ರೆ ಕಾರಿನ ಮೇಲೆ ಬೀಜ, ಕಲೆ ಎಲ್ಲ ಬಿದ್ದಿರತ್ತಲ್ಲ ಅದು ಇದರದ್ದೇ ಕೆಲಸ. ನಿಪಾ ವಿಷಯದಲ್ಲಿ ಮುಖ್ಯವಾಗಿ ಬರೋ ಹೆಸರು ಆ ದೊಡ್ಡ ಬಾವಲಿದು. ಗುಹೆ ಬಾವಲಿನೂ ಪೂರ್ತಿ ಹೊರಗಿಲ್ಲ, 2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಮಹಾಬಲೇಶ್ವರದ ಒಂದು ಗುಹೆಯಲ್ಲಿ ಹಿಡಿದ ಬಾವಲಿಗಳಲ್ಲಿ ನಿಪಾ ಗುರುತು ಸಿಕ್ಕಿತ್ತು.

ಈ ಪ್ರಾಣಿ ಹಣ್ಣು ತಿನ್ನೋ ರೀತಿ ಗೊತ್ತಾದ್ರೆ ಕಾಯಿಲೆ ದಾಟೋ ದಾರಿ ಅರ್ಧ ಅರ್ಥ ಆದಂಗೆ. ಬಾವಲಿ ಹಣ್ಣನ್ನ ಕಚ್ಚಿ, ಬಾಯಿಯ ಅಂಗಳಕ್ಕೆ ಒತ್ತಿ ಹಿಂಡಿ, ರಸ ಮಾತ್ರ ನುಂಗಿ ನಾರಿನ ಹಿಪ್ಪೆನ ಉಗಿದುಬಿಡತ್ತೆ. ಬಾವಲಿ ಮರದ ಕೆಳಗೆ ಒಂದ್ಸಲ ಬೆಳಗ್ಗೆ ನೋಡಿ, ಒತ್ತಿ ಉಂಡೆ ಮಾಡಿದಂಗಿರೋ ಒಣ ಹಿಪ್ಪೆ, ಅದರ ಮೇಲೆ ಅಂಗಳದ ಗೆರೆಗಳ ಅಚ್ಚು ಕೂಡ ಕಾಣತ್ತೆ, ಅರ್ಧ ತಿಂದು ಬೀಳಿಸಿದ ಹಣ್ಣು, ಪಕ್ಕದಲ್ಲಿ ಉಚ್ಚೆ, ಹಿಕ್ಕೆ. ವೈರಸ್ ಇರೋದೇ ಆ ಎಂಜಲಲ್ಲಿ, ಉಚ್ಚೆಯಲ್ಲಿ. ಅಂದ್ರೆ ಬಾವಲಿ ನಮ್ಮನ್ನ ಬಂದು ಕಚ್ಚಬೇಕಾಗಿಲ್ಲ, ಅದರ ಎಂಜಲು ನಮ್ಮ ಬಾಯಿಗೋ ನಾವು ಸಾಕಿದ ಪ್ರಾಣಿ ಬಾಯಿಗೋ ಹೋಗೋ ದಾರಿ ಇದ್ರೆ ಸಾಕು. ಆ ದಾರಿ ಯಾರು ಮಾಡಿಕೊಟ್ರು ಅನ್ನೋದೇ ಇಡೀ ಕಥೆ.

ಈ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದು 1998ರ ಕೊನೆಗೆ, ಮಲೇಷ್ಯಾದಲ್ಲಿ. ಹಂದಿ ಸಾಕಣೆ ಮಾಡೋ ಜನಕ್ಕೆ ಜ್ವರ ಬಂದು ಮೆದುಳಿಗೆ ಏರಿ ಸಾಯೋಕೆ ಶುರುವಾಯ್ತು. ಸರ್ಕಾರದವರು ಇದು ಜಪಾನೀಸ್ ಎನ್ಸೆಫಲೈಟಿಸ್, ಸೊಳ್ಳೆಯಿಂದ ಬರೋ ಮೆದುಳು ಜ್ವರ ಅಂದ್ಕೊಂಡು ಲಸಿಕೆ ಹಾಕಿಸಿದ್ರು, ಊರೂರಿಗೆ ಹೊಗೆ ಹೊಡೆಸಿದ್ರು, ಸಾವು ಮಾತ್ರ ನಿಲ್ಲಲಿಲ್ಲ. ಲಸಿಕೆ ಹಾಕಿಸ್ಕೊಂಡವರೂ ಸತ್ರು. ಹಂದಿ ಮುಟ್ಟದ ಪಕ್ಕದ ಮುಸ್ಲಿಂ ಮನೆಗಳಲ್ಲಿ ಕಾಯಿಲೆ ಇಲ್ಲ, ಹಂದಿ ಸಾಕೋ ಚೀನಿ ಮೂಲದವರ ಮನೆಯಲ್ಲಿ ಇದೆ, ಸೊಳ್ಳೆ ಏನು ಮನೆ ನೋಡಿ ಕಚ್ಚತ್ತಾ ಅಂತ ಪ್ರಶ್ನೆ ಎದ್ದಿದ್ದೇ ಆಗ. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಅನ್ನೋ ಡಾಕ್ಟರ್ ರೋಗಿಗಳ ಮಾದರಿಯಿಂದ ಹೊಸ ವೈರಸ್ ಬೇರ್ಪಡಿಸಿದ್ರು, ಆ ರೋಗಿಯ ಊರು ಸುಂಗೈ ನಿಪಾ, ಅದೇ ಹೆಸರು ವೈರಸ್‌ಗೂ ಅಂಟ್ಕೊಂಡಿತು. ಮಲೇಷ್ಯಾದಲ್ಲಿ 265 ಜನಕ್ಕೆ ಬಂದು 105 ಜನ ಸತ್ರು, ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನ ಕೊಂದು ಹೂತ್ರು, ಅಲ್ಲಿಂದ ಹೋದ ಹಂದಿಗಳಿಂದ ಸಿಂಗಾಪುರದ ಕಸಾಯಿಖಾನೆ ಕೆಲಸಗಾರರಿಗೂ ಬಂತು.

ಆಮೇಲೆ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಮೊದಲು ಕಾಯಿಲೆ ಕಾಣಿಸ್ಕೊಂಡ ಫಾರ್ಮ್‌ನಲ್ಲಿ ಮೂವತ್ತು ಸಾವಿರ ಹಂದಿ, ಹಂದಿ ದೊಡ್ಡಿ ಪಕ್ಕದಲ್ಲೇ ಮಾವಿನ ಮರಗಳು. ಒಂದೇ ಜಾಗದಲ್ಲಿ ಎರಡು ಆದಾಯ ಆಗ್ಲಿ ಅಂತ ಮಾಡಿದ್ದು, ರೈತ ಯಾರಾದ್ರೂ ಅದನ್ನೇ ಮಾಡ್ತಾನೆ. ಬಾವಲಿ ಮಾವು ತಿನ್ನೋಕೆ ಬಂತು, ಎಂಜಲು ಹಣ್ಣು ದೊಡ್ಡಿಗೆ ಬಿತ್ತು, ಹಂದಿ ತಿಂತು, ಸಾವಿರಾರು ಹಂದಿ ಒತ್ತೊತ್ತಾಗಿ ಇದ್ದಲ್ಲಿ ವೈರಸ್ಸು ಒಂದರಿಂದ ಒಂದಕ್ಕೆ ಹಬ್ಬಿ ಕೊನೆಗೆ ಮನುಷ್ಯನಿಗೆ ದಾಟ್ತು. ಬಾವಲಿ ಅಲ್ಲಿ ಲಕ್ಷಾಂತರ ವರ್ಷದಿಂದ ಇತ್ತು, ಹೊಸದಾಗಿ ಬಂದಿದ್ದು ದೊಡ್ಡಿ ಮೇಲೆ ಮಾವಿನ ಮರ. ಆಮೇಲೆ ಅಲ್ಲಿ ಹಣ್ಣಿನ ಮರಗಳನ್ನ ಹಂದಿ ದೊಡ್ಡಿಯಿಂದ ದೂರ ಇರಿಸೋ ನಿಯಮ ಮಾಡಿದ್ರು, ಮಲೇಷ್ಯಾದ ಹಂದಿ ಫಾರ್ಮ್‌ಗಳಲ್ಲಿ ಮತ್ತೆ ಅಂಥದ್ದು ಆಗ್ಲಿಲ್ಲ. ಬಾವಲಿಗಳು ಇನ್ನೂ ಇದ್ದಾವೆ.

ಬಾಂಗ್ಲಾದೇಶದ ದಾರಿ ಬೇರೆ. ಅಲ್ಲಿ ಚಳಿಗಾಲದಲ್ಲಿ ಈಚಲ ಮರ ಕೆತ್ತಿ ರಾತ್ರಿ ಮಡಕೆ ಕಟ್ತಾರೆ, ಬೆಳಗ್ಗೆ ಆ ಹಸಿ ನೀರಾನ ಹಾಗೇ ಕುಡೀತಾರೆ. 2001ರಿಂದ ಶುರುವಾಗಿ ಹೆಚ್ಚೂಕಡಿಮೆ ಪ್ರತಿ ಚಳಿಗಾಲ ಅಲ್ಲಿ ನಿಪಾ ಕಾಣಿಸ್ಕೊಳ್ಳತ್ತೆ. ಸಂಶೋಧಕರು ಮರಕ್ಕೆ ಇನ್ಫ್ರಾರೆಡ್ ಕ್ಯಾಮೆರಾ ಕಟ್ಟಿ ನೋಡಿದ್ರೆ ರಾತ್ರಿ ಬಾವಲಿ ಬಂದು ಕೆತ್ತಿದ ಜಾಗನ ನೆಕ್ತಾ ಇದ್ವು, ಕೆಲವು ಮಡಕೆಗೇ ಉಚ್ಚೆ ಹೊಯ್ತಿದ್ವು. ಪರಿಹಾರನೂ ಅಲ್ಲಿನ ಜನರ ಹತ್ರನೇ ಇತ್ತು, ಬಿದಿರಿನ ಸಣ್ಣ ತಡಿಕೆ ಹೆಣೆದು ಕೆತ್ತಿದ ಜಾಗಕ್ಕೂ ಮಡಕೆ ಬಾಯಿಗೂ ಸೇರಿಸಿ ಕಟ್ಟೋದು, ಅಷ್ಟು ಮಾಡಿದ್ರೆ ಬಾವಲಿಗೆ ರಸ ಸಿಗಲ್ಲ. ಇಲ್ಲಾಂದ್ರೆ ಕುದಿಸಿ ಕುಡಿಯೋದು.

ಕೇರಳದ್ದು ಇವೆರಡಕ್ಕಿಂತ ಕಷ್ಟದ್ದು, ಯಾಕಂದ್ರೆ ಅಲ್ಲಿ ಹಂದಿನೂ ಇಲ್ಲ, ಹಸಿ ನೀರಾದ ಸಾಕ್ಷಿನೂ ಇಲ್ಲ. 2018ರ ಮೇ ತಿಂಗಳು, ಕೋಳಿಕ್ಕೋಡ್ ಜಿಲ್ಲೆ ಪೇರಾಂಬ್ರಾ ಹತ್ತಿರದ ಒಂದೇ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಜ್ವರದಿಂದ ಮಲಗಿದ್ರು. ಮೊದಲನೆಯವರು ತೀರ್ಕೊಂಡಾಗ ಯಾರಿಗೂ ಅನುಮಾನ ಬಂದಿರಲಿಲ್ಲ. ಅವರ ಅಣ್ಣನೂ ಅದೇ ಲಕ್ಷಣದಲ್ಲಿ ಖಾಸಗಿ ಆಸ್ಪತ್ರೆಗೆ ಬಂದಾಗ ಅಲ್ಲಿನ ಡಾಕ್ಟರುಗಳು, ಒಂದೇ ಮನೆಯಲ್ಲಿ ಹಿಂಗೆ ಸಾಲಾಗಿ ಮೆದುಳು ಜ್ವರ ಬರೋದು ಮಾಮೂಲಲ್ಲ ಅಂತ ತಕ್ಷಣ ಮಾದರಿ ಕಳಿಸಿದ್ದು ಎಲ್ಲಿಗೆ ಗೊತ್ತಾ, ನಮ್ಮ ಮಣಿಪಾಲಕ್ಕೆ. ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರದಲ್ಲಿ ಡಾ. ಜಿ. ಅರುಣ್‌ಕುಮಾರ್ ತಂಡ ಮೊದಲು ನಿಪಾ ಅಂತ ಗುರುತು ಹಿಡೀತು, ಪುಣೆ ಅದನ್ನ ಖಚಿತ ಮಾಡ್ತು. ಎರಡನೇ ರೋಗಿಗೇ ಪತ್ತೆ ಹಚ್ಚಿದ್ದು ಸಣ್ಣ ಸಾಧನೆ ಅಲ್ಲ. ಆದ್ರೂ ಅಷ್ಟರೊಳಗೆ ಮೊದಲ ರೋಗಿ ಮಲಗಿದ್ದ ತಾಲೂಕು ಆಸ್ಪತ್ರೆ, ಆಮೇಲೆ ಸ್ಕ್ಯಾನಿಂಗ್‌ಗೆ ಅಂತ ಕಾದಿದ್ದ ಮೆಡಿಕಲ್ ಕಾಲೇಜಿನ ಪಡಸಾಲೆ, ಅಲ್ಲೆಲ್ಲ ಅಕ್ಕಪಕ್ಕ ಇದ್ದವರಿಗೆ ದಾಟಿ ಆಗಿತ್ತು. ಪೇರಾಂಬ್ರಾ ಆಸ್ಪತ್ರೆಯಲ್ಲಿ ಆ ಮೊದಲ ರೋಗಿಯ ಆರೈಕೆ ಮಾಡಿದ್ದ ನರ್ಸ್ ಲಿನಿ ಪುದುಶ್ಶೇರಿ ಮೇ 21ಕ್ಕೆ ತೀರ್ಕೊಂಡ್ರು, ಎರಡು ಪುಟ್ಟ ಮಕ್ಕಳ ತಾಯಿ.

ಆಮೇಲೆ ಬಂದ ಅಧ್ಯಯನದ ಲೆಕ್ಕ, ಲ್ಯಾಬ್ ಪರೀಕ್ಷೆಗೆ ಮೊದಲೇ ಸತ್ತವರನ್ನೂ ಸೇರಿಸಿ ಒಟ್ಟು 23 ಜನ ರೋಗಿಗಳು, ಅದರಲ್ಲಿ 21 ಸಾವು. ಈಗ ಗಮನಿಸಬೇಕಾದ್ದು ಇದು: ಆ 23ರಲ್ಲಿ ಬಾವಲಿಯಿಂದ ಬಂದಿರಬಹುದಾದ್ದು ಒಬ್ಬರೇ ಒಬ್ಬರಿಗೆ. ಉಳಿದ 22 ಜನಕ್ಕೂ ಮನುಷ್ಯರಿಂದಲೇ ಬಂತು, ಅದರಲ್ಲಿ ಬಹುಪಾಲು ಆಸ್ಪತ್ರೆ ಒಳಗೆ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲೂ ಇದೇ ಆಗಿತ್ತು, 66 ಜನಕ್ಕೆ ಬಂದು 45 ಜನ ಸತ್ರು, ಹಬ್ಬಿದ್ದು ಆಸ್ಪತ್ರೆಗಳಲ್ಲೇ, ಸತ್ತವರಲ್ಲಿ ಆಸ್ಪತ್ರೆ ಸಿಬ್ಬಂದಿನೂ ಇದ್ರು. ಹಾಗಾಗಿ ಊರಿನ ಆಲದ ಮರದ ಮೇಲೆ ಕಣ್ಣಿಟ್ಟು ತಾಲೂಕು ಆಸ್ಪತ್ರೆ ವಾರ್ಡಲ್ಲಿ ಮಾಸ್ಕ್ ಇದ್ಯಾ, ಗ್ಲೌಸ್ ಇದ್ಯಾ, ಜ್ವರದ ರೋಗಿನ ಬೇರೆ ಮಲಗಿಸೋಕೆ ರೂಮ್ ಇದ್ಯಾ ಅಂತ ಕೇಳದೇ ಇರೋದು ನನ್ನ ಪ್ರಕಾರ ದೊಡ್ಡ ತಪ್ಪು. ಮಾರನೇ ವರ್ಷ 2019ರಲ್ಲಿ ಎರ್ನಾಕುಲಂನಲ್ಲಿ ಒಬ್ಬ ವಿದ್ಯಾರ್ಥಿಗೆ ಬಂದಾಗ ಬೇಗ ಗೊತ್ತಾಯ್ತು, ಬೇರೆ ಇಟ್ರು, ಹುಡುಗ ಬದುಕಿದ, ಇನ್ನೊಬ್ಬರಿಗೆ ಹಬ್ಬಲಿಲ್ಲ. ಅಲ್ಲಿ ಯಾರೂ ಮರ ಕಡಿದು ಅದನ್ನ ನಿಲ್ಲಿಸಿದ್ದಲ್ಲ.

2018ರಲ್ಲೇ ಇನ್ನೊಂದು ಪಾಠನೂ ಇದೆ. ಆ ಮನೆಯವರ ಬಾವಿಯಲ್ಲಿ ಬಾವಲಿಗಳಿದ್ವು, ಟಿವಿಯಲ್ಲೆಲ್ಲ ಅದೇ ಬಾವಿ, ಹಿಡಿದು ಭೋಪಾಲ್ ಲ್ಯಾಬ್‌ಗೆ ಕಳಿಸಿದ್ರು, ನೆಗೆಟಿವ್ ಬಂತು, ಅವು ಹುಳ ತಿನ್ನೋ ಜಾತಿ. ಆಮೇಲೆ ಆ ಕಡೆಯ ಹಣ್ಣು ತಿನ್ನೋ ದೊಡ್ಡ ಬಾವಲಿಗಳಲ್ಲಿ ವೈರಸ್ ಸಿಕ್ತು, ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ತುಂಬಾ ಹತ್ತಿರದ್ದು. ಅಷ್ಟರಲ್ಲಿ ಜನರ ಮನಸ್ಸಲ್ಲಿ ಬಾವಿ ಬಾವಲಿ, ಗುಡಿ ಬಾವಲಿ, ಮನೆ ಮಾಡಿನ ಬಾವಲಿ ಎಲ್ಲ ಅಪರಾಧಿ ಆಗಿಬಿಟ್ಟಿದ್ವು. ಅದೇ ತಿಂಗಳು ಹಿಮಾಚಲದ ಒಂದು ಶಾಲೆಯ ಮರದಲ್ಲಿ ಬಾವಲಿ ಸತ್ತು ಬಿದ್ದಿದ್ದಕ್ಕೆ ದೇಶವೆಲ್ಲ ಗಾಬರಿ, ಪರೀಕ್ಷೆಯಲ್ಲಿ ನಿಪಾ ಇರಲಿಲ್ಲ. 2020ರ ಮೇನಲ್ಲಿ ಗೋರಖ್‌ಪುರ ಹತ್ರ ನೂರಾರು ದೊಡ್ಡ ಬಾವಲಿ ಒಟ್ಟಿಗೆ ಸತ್ತಾಗ ಕೊರೋನಾ ಅಂದ್ರು, ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ನೋಡಿ ಹೇಳಿದ್ದು, ಬಿಸಿಲಿಗೆ ಮೆದುಳಲ್ಲಿ ರಕ್ತಸ್ರಾವ ಆಗಿ ಸತ್ತಿವೆ ಅಂತ. ಇದು ಬೇರೆ ಕಡೆನೂ ಆಗಿದೆ, ಆಸ್ಟ್ರೇಲಿಯಾದಲ್ಲಿ 2018ರ ನವೆಂಬರ್‌ನಲ್ಲಿ 42 ಡಿಗ್ರಿ ದಾಟಿದ ಬಿಸಿಲಿಗೆ ಒಂದು ಜಾತಿಯ 23 ಸಾವಿರದಷ್ಟು ಬಾವಲಿ ಸತ್ವು, ಆ ಜಾತಿಯ ಮೂರನೇ ಒಂದು ಭಾಗವೇ ಹೋಯ್ತು. ಮಧ್ಯಾಹ್ನದ ಬಿಸಿಲಲ್ಲಿ ಬಾವಲಿ ಮರ ನೋಡಿದ್ರೆ ಗೊತ್ತಾಗತ್ತೆ, ಒಂದು ರೆಕ್ಕೆಯಲ್ಲಿ ಗಾಳಿ ಬೀಸ್ಕೊಳ್ತಾ, ಮೈಗೆಲ್ಲ ಎಂಜಲು ಸವರ್ಕೊಳ್ತಾ ಹೇಗೋ ಹೊತ್ತು ಕಳೀತಿರ್ತವೆ, ಹೊಟ್ಟೆಗೆ ಮರಿ ಕಚ್ಕೊಂಡಿರೋ ತಾಯಿಗಳ ಪಾಡಂತೂ ಬೇಡ. ವರ್ಷಕ್ಕೆ ಒಂದೇ ಮರಿ ಹಾಕೋ ಪ್ರಾಣಿ ಇದು, ಒಂದ್ಸಲ ನೂರಾರು ಸತ್ರೆ ಆ ಸಂಖ್ಯೆ ಮತ್ತೆ ಆಗೋಕೆ ಎಷ್ಟೋ ವರ್ಷ ಬೇಕು.

ಸರಿ, ಇಷ್ಟು ಕಾಯಿಲೆ ಇಟ್ಕೊಂಡು ಬಾವಲಿ ತಾನ್ಯಾಕೆ ಸಾಯಲ್ಲ? ವಿಜ್ಞಾನಿಗಳು ಹೇಳೋ ಕಾರಣ ಹಾರಾಟಕ್ಕೆ ಸಂಬಂಧಪಟ್ಟಿದ್ದು. ಹಾಲುಣಿಸೋ ಪ್ರಾಣಿಗಳಲ್ಲಿ ನಿಜವಾಗಿ ರೆಕ್ಕೆ ಬಡಿದು ಹಾರೋದು ಇದೊಂದೇ, ಹಾರುವಾಗ ಮೈ ಬಿಸಿ ವಿಪರೀತ ಏರತ್ತೆ, ಜೀವಕೋಶಗಳಿಗೆ ಪೆಟ್ಟು ಬೀಳತ್ತೆ. ಅದನ್ನ ತಡ್ಕೊಳ್ಳೋಕೆ ಇದರ ದೇಹ ಉರಿಯೂತ ಅತಿಯಾಗದ ಹಾಗೆ ಹೊಂದ್ಕೊಂಡಿದೆ. ನಮಗೆ ವೈರಸ್ ಬಂದ್ರೆ ಎಷ್ಟೋ ಸಲ ಕೊಲ್ಲೋದು ವೈರಸ್‌ಗಿಂತ ನಮ್ಮ ದೇಹ ಅದರ ವಿರುದ್ಧ ಎಬ್ಬಿಸೋ ದಾಂಧಲೆ. ಬಾವಲಿ ದೇಹದಲ್ಲಿ ಆ ದಾಂಧಲೆ ಇಲ್ಲ, ವೈರಸ್ಸನ್ನ ಹದ್ದುಬಸ್ತಲ್ಲಿ ಇಟ್ಕೊಂಡು ಸಂಸಾರ ಮಾಡತ್ತೆ. ಹಾಗಂತ ಪ್ರತಿ ಬಾವಲಿನೂ ಪ್ರತಿ ದಿನ ವೈರಸ್ ಉದುರಿಸ್ತಾ ಇರತ್ತೆ ಅಂತಲ್ಲ. ಪುಣೆಯವರ ಸಮೀಕ್ಷೆಯಲ್ಲಿ ಕರ್ನಾಟಕದ ಬಾವಲಿಗಳಲ್ಲೂ ನಿಪಾ ಆಂಟಿಬಾಡಿ ಸಿಕ್ಕಿದೆ, ತಮಿಳುನಾಡಲ್ಲೂ ಸಿಕ್ಕಿದೆ, ಇದನ್ನ ಕೇಳಿ ಗಾಬರಿ ಆಗೋದು ಬೇಡ, ಆಂಟಿಬಾಡಿ ಇದೆ ಅಂದ್ರೆ ಯಾವತ್ತೋ ಸೋಂಕು ಬಂದು ಹೋಗಿದೆ ಅಂತ ಅರ್ಥ, ಈಗ ವೈರಸ್ ಹೊರಗೆ ಬರ್ತಿದೆ ಅಂತಲ್ಲ. ಯಾವಾಗ ಹೊರಗೆ ಬರತ್ತೆ ಅನ್ನೋದೇ ಮುಖ್ಯ ಪ್ರಶ್ನೆ, ಅದಕ್ಕೆ ಇವತ್ತಿನ ತನಕ ಸಿಕ್ಕಿರೋ ಅತ್ಯುತ್ತಮ ಉತ್ತರ ಬಂದಿದ್ದು ಆಸ್ಟ್ರೇಲಿಯಾದಿಂದ.

ಅಲ್ಲಿ ನಿಪಾದ ಅಣ್ಣತಮ್ಮ ಅನ್ನಬಹುದಾದ ಹೆಂಡ್ರಾ ಅನ್ನೋ ವೈರಸ್ ಇದೆ. 1994ರಲ್ಲಿ ಬ್ರಿಸ್ಬೇನ್‌ನ ಹೆಂಡ್ರಾ ಬಡಾವಣೆಯ ರೇಸ್ ಕುದುರೆ ಲಾಯದಲ್ಲಿ ಕುದುರೆಗಳೂ ಅವುಗಳ ಟ್ರೇನರ್ ಕೂಡ ಸತ್ತಾಗ ಗೊತ್ತಾಗಿದ್ದು. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯನಿಗೆ. ಇಲ್ಲಿ ತನಕ ಏಳು ಜನಕ್ಕೆ ಬಂದು ನಾಲ್ಕು ಜನ ಸತ್ತಿದ್ದಾರೆ. ಪೆಗ್ಗಿ ಈಬಿ, ರೈನಾ ಪ್ಲೋರೈಟ್ ಅನ್ನೋ ವಿಜ್ಞಾನಿಗಳು ಮತ್ತೆ ಅವರ ಜೊತೆಯವರು 25 ವರ್ಷದ ಲೆಕ್ಕ ಗುಡ್ಡೆ ಹಾಕಿದ್ರು, ಬಾವಲಿ ಎಲ್ಲೆಲ್ಲಿ ಕೂತಿದ್ವು, ಯಾವ ವರ್ಷ ಕಾಡಲ್ಲಿ ಹೂವು ಬಿಡ್ತು, ಯಾವ ವರ್ಷ ಬರ ತರೋ ಎಲ್ ನಿನೋ ಹವಾಮಾನ, ಎಷ್ಟು ಕಾಡು ಹೋಯ್ತು, ಯಾವಾಗ ಕುದುರೆ ಸತ್ವು ಎಲ್ಲ. 2022ರಲ್ಲಿ ಪ್ರಕಟ ಆಯ್ತು. ಕಂಡಿದ್ದು ಇಷ್ಟು: ಚಳಿಗಾಲದಲ್ಲಿ ಹೂ ಬಿಡೋ ಕಾಡು ಕಡಿದು ಹೋದ ಮೇಲೆ ಬಾವಲಿಗೆ ಆ ಮೂರು ತಿಂಗಳು ಊಟ ಇಲ್ಲ. ಮೊದಲು ದೊಡ್ಡ ಹಿಂಡಾಗಿ ಹೂವಿನ ಹಿಂದೆ ಊರೂರು ಅಲೀತಿದ್ದವು ಈಗ ಸಣ್ಣ ಸಣ್ಣ ಗುಂಪಾಗಿ ಒಡೆದು ಪೇಟೆ ಪಕ್ಕ, ಫಾರ್ಮ್ ಪಕ್ಕ ಸಿಕ್ಕಿದ್ದು ತಿಂದ್ಕೊಂಡು ಅಲ್ಲೇ ನೆಲೆ ನಿಂತ್ವು. ಹಸಿದ ಪ್ರಾಣಿ, ಮೈಯಲ್ಲಿ ಶಕ್ತಿ ಇಲ್ಲ, ಆಗ ಒಳಗಿದ್ದ ವೈರಸ್ ಹೆಚ್ಚಾಗಿ ಹೊರಗೆ ಬರತ್ತೆ, ಬಂದಿದ್ದು ಕುದುರೆ ಮೇಯೋ ಜಾಗಕ್ಕೇ ಬೀಳತ್ತೆ. ಬರ, ಹಸಿವು ಬಂದ ಮಾರನೇ ಚಳಿಗಾಲ ಕುದುರೆ ಸಾಯ್ತಿದ್ವು. ಇನ್ನೂ ಮುಖ್ಯವಾದ್ದು, ಯಾವ ಚಳಿಗಾಲದಲ್ಲಿ ಉಳಿದಿರೋ ಚೂರುಪಾರು ಕಾಡಲ್ಲಿ ಚೆನ್ನಾಗಿ ಹೂ ಬಿಡ್ತೋ ಆಗ ಬಾವಲಿಗಳು ಫಾರ್ಮ್ ಬಿಟ್ಟು ಲಕ್ಷಗಟ್ಟಲೆ ಅಲ್ಲಿಗೆ ಹೋಗಿಬಿಟ್ವು, ಆ ಚಳಿಗಾಲ ಹೆಂಡ್ರಾ ಬರಲೇ ಇಲ್ಲ. ಕಾಯಿಲೆಗೂ ಬಾವಲಿ ಹೊಟ್ಟೆಗೂ ಇಷ್ಟು ನೇರ ಸಂಬಂಧ ಇದೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಇದೇ ಮೊದಲು.

ಹೊಡೆದು ಓಡಿಸಿದ್ರೆ ಏನಾಗತ್ತೆ ಅನ್ನೋದಕ್ಕೆ ಉಗಾಂಡ ನೋಡಿ. 2007ರಲ್ಲಿ ಕಿಟಾಕ ಅನ್ನೋ ಗಣಿಯ ಕೆಲಸಗಾರರಿಗೆ ಮಾರ್ಬರ್ಗ್ ಬಂತು, ಎಬೋಲಾ ಕುಟುಂಬದ ಕಾಯಿಲೆ, ಗಣಿಯೊಳಗಿನ ಹಣ್ಣು ಬಾವಲಿಗಳಿಂದ ಅಂತ ಗೊತ್ತಾಯ್ತು. ಗಣಿಯವರು ಬಲೆ ಹಾಕಿ, ಬಾಯಿ ಮುಚ್ಚಿ ಸಾವಿರಾರು ಬಾವಲಿ ಕೊಂದು ಖಾಲಿ ಮಾಡಿದ್ರು. 2012ರಲ್ಲಿ ಹತ್ತಿರದ ಪಟ್ಟಣದಲ್ಲೇ ಮಾರ್ಬರ್ಗ್ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಹೋಗಿ ನೋಡಿದ್ರೆ ಗಣಿಯಲ್ಲಿ ಬಾವಲಿ ಮತ್ತೆ ಸೇರ್ಕೊಂಡಿದ್ವು, ಸಂಖ್ಯೆ ಕಡಿಮೆ, ಆದ್ರೆ ಸೋಂಕು ಇದ್ದದ್ದು ನೂರಕ್ಕೆ 13ರಲ್ಲಿ, ಯಾರೂ ಮುಟ್ಟದ ಇನ್ನೊಂದು ಗುಹೆಯಲ್ಲಿ ಅದು ಎರಡೂವರೆ ಮಾತ್ರ. ಕಾರಣ ಹೀಗಿರಬಹುದು ಅಂತಾರೆ, ಸೋಂಕು ಬಂದು ಹೋಗಿ ಗಟ್ಟಿಯಾಗಿದ್ದ ಹಳೇ ಬಾವಲಿಗಳನ್ನ ಕೊಂದಾಯ್ತು, ಖಾಲಿ ಜಾಗಕ್ಕೆ ಬಂದಿದ್ದು ಸೋಂಕೇ ಕಾಣದ ಹೊಸವು, ವೈರಸ್‌ಗೆ ಹಬ್ಬೋಕೆ ಅಡ್ಡಿನೇ ಇರಲಿಲ್ಲ. ಮಾರಿಷಸ್‌ನಲ್ಲಿ ಕಾಯಿಲೆಗಲ್ಲ, ಲಿಚಿ ಮಾವು ತಿಂತವೆ ಅಂತ 2015, 2016 ಎರಡೇ ವರ್ಷದಲ್ಲಿ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಬಾವಲಿಗಳನ್ನ ಸರ್ಕಾರವೇ ಕೊಲ್ಲಿಸ್ತು, ಬೆಳೆ ನಷ್ಟ ಕಡಿಮೆ ಆಗ್ಲಿಲ್ಲ, ಆ ದ್ವೀಪದ ಬಾವಲಿ ಅಳಿವಿನಂಚಿಗೆ ಹೋಯ್ತು ಅಷ್ಟೇ.

ಈಗ ನಮ್ಮ ತೋಟಕ್ಕೆ ಬರೋಣ, ಯಾಕಂದ್ರೆ ರೈತನ ದೂರು ಸುಳ್ಳಲ್ಲ. ಸೀಬೆ, ದ್ರಾಕ್ಷಿ, ಕರಾವಳಿ ಕಡೆ ಈಚೆಗೆ ಹಾಕ್ತಿರೋ ರಂಬುಟಾನ್, ಇವೆಲ್ಲ ಗಿಡದಲ್ಲೇ ಹಣ್ಣಾಗಬೇಕು, ಅಲ್ಲಿ ಬಾವಲಿ ನಷ್ಟ ನಿಜ. ಮಾವು ಸಪೋಟ ಮಾರಾಟಕ್ಕೆ ಬೆಳೆಯೋರು ಬಲಿತ ಕಾಯಿ ಕಿತ್ತು ಹಣ್ಣು ಮಾಡ್ತಾರೆ, ಬಾವಲಿಗೆ ಬೇಕಾಗಿರೋದು ಗಿಡದಲ್ಲೇ ಹಣ್ಣಾಗಿದ್ದು, ಹಂಗಾಗಿ ಅಲ್ಲಿ ನಷ್ಟ ಜನ ಹೇಳೋಷ್ಟು ಇರಲ್ಲ. ಬಲೆ ಹಾಕೋದಾದ್ರೆ ಬಿಗಿಯಾಗಿ ಎಳೆದು ಕಟ್ಟೋ, ಕಣ್ಣಿಗೆ ಕಾಣೋ ಬಿಳಿ ದಪ್ಪ ದಾರದ ಸಣ್ಣ ಕಣ್ಣಿನ ಬಲೆ ಹಾಕಿ. ಸಡಿಲವಾಗಿ ಹೊದಿಸೋ ತೆಳ್ಳನೆ ನೈಲಾನ್ ಬಲೆಯಲ್ಲಿ ರಾತ್ರಿ ಸಿಕ್ಕಿ ಹಾಕ್ಕೊಂಡ ಬಾವಲಿ ರೆಕ್ಕೆ ಹರಿದು ಬೆಳಗ್ಗೆ ತನಕ ಒದ್ದಾಡತ್ತೆ, ಅದನ್ನ ಬಿಡಿಸೋಕೆ ಬರಿಗೈಯಲ್ಲಿ ಹೋಗ್ತಾರಲ್ಲ, ಕಚ್ಚಿಸ್ಕೊಳ್ಳೋದು, ಪರಚಿಸ್ಕೊಳ್ಳೋದು ಅಲ್ಲೇ. ನೋಡಿ, ಮತ್ತೆ ದಾರಿ ನಾವೇ ಮಾಡಿಕೊಟ್ವಿ.

ಅಡಿಕೆ ಕಡೆಯವರಿಗೆ ಬಾವಲಿ ಜೊತೆ ಬೇರೆ ಥರದ ಲೆಕ್ಕ. ಹಣ್ಣಡಿಕೆ ಸಿಪ್ಪೆಯ ರಸ ಚೀಪಿ ಅಡಿಕೆನ ಬಾವಲಿ ಎಲ್ಲೆಲ್ಲೋ ಉದುರಿಸಿರತ್ತೆ, ಬೆಳಗ್ಗೆ ಹೋಗಿ ತೋಟದಂಚಲ್ಲಿ, ಬೆಟ್ಟದ ಮರದ ಬುಡದಲ್ಲಿ ಹೆಕ್ಕಿ ತರೋದು ಎಷ್ಟೋ ಮನೆಗಳಲ್ಲಿ ಮಕ್ಕಳು, ಹೆಂಗಸರು ಮಾಡ್ಕೊಂಡು ಬಂದಿರೋ ಕೆಲಸ, ಆ ದುಡ್ಡು ಅವರ ಕೈಗೇ. ಗೋವಾ, ಕೊಂಕಣದ ಕಡೆ ಗೇರುಬೀಜನೂ ಹಿಂಗೇ. 2023ರಲ್ಲಿ ಕೋಳಿಕ್ಕೋಡ್‌ನಲ್ಲಿ ನಿಪಾ ಬಂದಾಗ, ಆರು ಜನಕ್ಕೆ ಬಂದು ಇಬ್ಬರು ಸತ್ರು, ಮೊದಲ ರೋಗಿಯ ಅಡಿಕೆ ತೋಟದ ಮೇಲೂ ಅನುಮಾನ ಬಂದಿತ್ತು. 2021ರಲ್ಲಿ ಸತ್ತ ಹನ್ನೆರಡು ವರ್ಷದ ಹುಡುಗನ ವಿಷಯದಲ್ಲಿ ರಂಬುಟಾನ್ ಮೇಲೆ ಅನುಮಾನ, ಎರಡೂ ಸಾಬೀತಾಗಿಲ್ಲ. ಹಾಗಂತ ಹೆಕ್ಕೋದೇ ಬಿಟ್ಬಿಡಿ ಅಂದ್ರೆ ಯಾರು ಕೇಳ್ತಾರೆ. ವೈರಸ್ಸು ಹಣ್ಣಿನ ಮೇಲೆ ಕೆಲವು ಗಂಟೆಯಿಂದ ಒಂದೆರಡು ದಿನ ಬದುಕಬಹುದು, ಬಿಸಿ, ಒಣಗಿಸೋದು, ಸೋಪು ಇವು ಅದಕ್ಕೆ ಆಗಲ್ಲ. ಹೆಕ್ಕುವಾಗ ಕೈಗವಸು ಅಥವಾ ಒಂದು ಪ್ಲಾಸ್ಟಿಕ್ ಕವರ್, ಎಲೆಅಡಿಕೆ ಹಾಕ್ಕೊಳ್ಳೋ ಕೈ ಬಾಯಿಗೆ ಹೋಗೋ ಮುಂಚೆ ಸೋಪು ಹಾಕಿ ತೊಳೆಯೋದು, ಮನೆಗೆ ತಂದ ಮೇಲೆ ಬಿಸಿಲಿಗೆ ಚೆನ್ನಾಗಿ ಒಣಗಿಸೋದು, ಮಕ್ಕಳು ಹಸೀದು ಬಾಯಿಗೆ ಹಾಕ್ಕೊಳ್ಳದಂಗೆ ನೋಡ್ಕೊಳ್ಳೋದು, ಇಷ್ಟು ಮಾಡಿದ್ರೆ ಅಪಾಯ ತುಂಬಾ ಇಳಿಯತ್ತೆ. ಹಣ್ಣಿನ ವಿಷಯನೂ ಅಷ್ಟೇ, ಗಾಯ ಇಲ್ಲದ ಹಣ್ಣು ತೊಳೆದು ಸಿಪ್ಪೆ ತೆಗೆದು ಧಾರಾಳವಾಗಿ ತಿನ್ನಿ, ಕಚ್ಚಿದ ಗುರುತಿರೋದು, ನೆಲಕ್ಕೆ ಬಿದ್ದಿರೋದು ಬೇಡ, ಒಳ್ಳೇ ಭಾಗ ಕುಯ್ದು ಕೊಡೋದೂ ಬೇಡ, ದನ ಹಂದಿಗೆ ಹಾಕೋದೂ ಬೇಡ.

ಇನ್ನೊಂದು ಸಂಗತಿ ಬಗ್ಗೆ ನಮ್ಮ ಕಡೆ ಮಾತಾಡಲ್ಲ. ಉಬ್ಬಸಕ್ಕೆ ಬಾವಲಿ ಮಾಂಸ, ಕೀಲುನೋವಿಗೆ ಅದರ ಕೊಬ್ಬು ಒಳ್ಳೇದು ಅನ್ನೋ ನಂಬಿಕೆ ದಕ್ಷಿಣ ಭಾರತದಲ್ಲಿ ಹಲವು ಕಡೆ ಇದೆ, ಗುಟ್ಟಾಗಿ ಬೇಟೆನೂ ನಡೀತದೆ. ಉಬ್ಬಸ ವಾಸಿ ಆಗತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಆದ್ರೆ ಕೊಯ್ಯುವಾಗ ರಕ್ತ, ಎಂಜಲು, ಉಚ್ಚೆ ಮೂರೂ ಕೈಗೆ ಹತ್ತೋದು ಖಂಡಿತ. ನಾಗಾಲ್ಯಾಂಡ್‌ನ ಮಿಮಿ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಗುಹೆ ಬಾವಲಿ ಬೇಟೆ ಸಂಪ್ರದಾಯ ಇದೆ, ಬೆಂಗಳೂರಿನ ರಾಷ್ಟ್ರೀಯ ಜೀವ ವಿಜ್ಞಾನ ಕೇಂದ್ರದವರೂ ಇದ್ದ ತಂಡ ಅಲ್ಲಿನ 85 ಬೇಟೆಗಾರರ ರಕ್ತ ನೋಡಿದಾಗ ಐದು ಜನರಲ್ಲಿ ಎಬೋಲಾ ಗುಂಪಿನ ವೈರಸ್‌ಗಳಿಗೆ ಸ್ಪಂದಿಸೋ ಆಂಟಿಬಾಡಿ ಸಿಕ್ತು, 2019ರಲ್ಲಿ ಪ್ರಕಟ ಆಯ್ತು. ಅವರ್ಯಾರಿಗೂ ಎಬೋಲಾ ಬಂದಿರಲಿಲ್ಲ, ಆದ್ರೆ ಬಾವಲಿಯಿಂದ ಏನೋ ಅವರಿಗೆ ದಾಟಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಇದನ್ನೆಲ್ಲ ಓದಿ ಬಾವಲಿ ಇದ್ದು ಏನು ಪ್ರಯೋಜನ ಅಂತ ಕೇಳೋರಿಗೆ, ರಾತ್ರಿ ಅರಳೋ ಬೂರುಗ, ಇಪ್ಪೆ, ಕಾಡುಬಾಳೆ ಹೂಗಳ ಪರಾಗ ಹೊತ್ತೊಯ್ಯೋದ್ರಲ್ಲಿ ಬಾವಲಿ ಪಾಲು ದೊಡ್ಡದು. ಅತ್ತಿ, ಆಲದ ಹಣ್ಣು ತಿಂದ ಅರ್ಧ ಗಂಟೆಯೊಳಗೆ ಬೀಜ ಹೊರಗೆ, ಅಷ್ಟರಲ್ಲಿ ಅದು ಮೈಲಿಗಟ್ಟಲೆ ಹಾರಿರತ್ತೆ, ಹಕ್ಕಿಗಳು ಹೋಗದ ಬಯಲಲ್ಲೂ ಬೀಜ ಬೀಳತ್ತೆ. ನಮ್ಮ ಬಯಲುಸೀಮೆ ರಸ್ತೆ ಬದಿ, ಹಳೇ ಗೋಡೆ ಮೇಲೆ ಯಾರೂ ನೆಡದೆ ಹುಟ್ಟಿರೋ ಆಲ, ಅತ್ತಿ ಎಷ್ಟಿಲ್ಲ. ಹೈವೇ ಅಗಲ ಮಾಡ್ತಾ ಅಂಥ ದೊಡ್ಡ ಮರಗಳನ್ನ ಸಾಲು ಸಾಲಾಗಿ ಉರುಳಿಸಿದ್ವಿ, ಬಾವಲಿಗೆ ಹಗಲು ಇರೋ ಜಾಗನೂ ಹೋಯ್ತು, ವರ್ಷವಿಡೀ ಸಿಗ್ತಿದ್ದ ಅತ್ತಿ ಹಣ್ಣೂ ಹೋಯ್ತು, ಉಳಿದಿದ್ದು ನಮ್ಮ ಹಿತ್ತಲ ಸೀಬೆ ಗಿಡ. ಆಸ್ಟ್ರೇಲಿಯಾದ 25 ವರ್ಷದ ಲೆಕ್ಕ ಕೈಯಲ್ಲಿ ಹಿಡ್ಕೊಂಡು ಇದನ್ನ ನೋಡಿದ್ರೆ ನನಗೆ ನಿಜಕ್ಕೂ ಆತಂಕ ಆಗತ್ತೆ.

ಕೇರಳದಲ್ಲಿ 2018, 2019, 2021, 2023, 2024, 2025, ಇಷ್ಟು ಸಲ ನಿಪಾ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂನಲ್ಲಿ ತೀರ್ಕೊಂಡ 24 ವರ್ಷದ ಹುಡುಗ ಬೆಂಗಳೂರಲ್ಲಿ ಓದ್ತಿದ್ದವನು, ಇಲ್ಲಿನ ಅವನ ಸಂಪರ್ಕದವರನ್ನ ಹುಡುಕಿ ನಿಗಾ ಇಡಬೇಕಾಯ್ತು. 2023ರಲ್ಲಿ ನಮ್ಮ ಸರ್ಕಾರ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ ಗಡಿಗಳಲ್ಲಿ ಜ್ವರ ತಪಾಸಣೆ ಮಾಡಿಸ್ತು, ಒಳ್ಳೇದೇ. ಆದ್ರೆ ಸೋಂಕು ತಗುಲಿ ಲಕ್ಷಣ ಕಾಣೋಕೆ ಸಾಮಾನ್ಯವಾಗಿ 4ರಿಂದ 14 ದಿನ ಬೇಕು, ಚೆಕ್‌ಪೋಸ್ಟ್‌ನಲ್ಲಿ ಹಣೆಗೆ ಮಷಿನ್ ಹಿಡಿದ್ರೆ ಸೋಂಕಿರೋನು ಸಿಗಲ್ಲ, ಸಿಗೋದು ಯಾವುದೋ ತಾಲೂಕು ಆಸ್ಪತ್ರೆಯಲ್ಲಿ, ಜ್ವರ, ತಲೆನೋವು, ಮಾತು ತೊದಲೋದು, ಗೊಂದಲ, ಉಸಿರಾಟದ ತೊಂದ್ರೆ ಇವುಗಳ ಜೊತೆ. ಅಲ್ಲಿನ ಡಾಕ್ಟರ್ ಡೆಂಗಿ ನೆಗೆಟಿವ್ ಅಂತ ಬರೆದು ಜನರಲ್ ವಾರ್ಡಿಗೆ ಹಾಕ್ತಾರಾ, ಅಥವಾ ಬೇರೆ ಇಟ್ಟು, ಮನೆಯಲ್ಲಿ ಇನ್ಯಾರಿಗಾದ್ರೂ ಹಿಂಗಾಗಿದ್ಯಾ ಅಂತ ಕೇಳಿ ಮಾದರಿ ಕಳಿಸ್ತಾರಾ, ಅದರ ಮೇಲೆ ನಿಂತಿರತ್ತೆ ಎಲ್ಲ. ಲಸಿಕೆ ಇನ್ನೂ ಪ್ರಯೋಗದಲ್ಲಿದೆ, ಆಕ್ಸ್‌ಫರ್ಡ್‌ನವರದ್ದು 2024ರ ಜನವರಿಯಲ್ಲಿ ಮನುಷ್ಯರ ಮೇಲೆ ಶುರುವಾಯ್ತು. ಆಸ್ಟ್ರೇಲಿಯಾದಿಂದ ತರಿಸಿದ ಮಾನೋಕ್ಲೋನಲ್ ಆಂಟಿಬಾಡಿ, ಅಂದ್ರೆ ಲ್ಯಾಬಲ್ಲಿ ತಯಾರಿಸಿದ ಆಂಟಿಬಾಡಿ ಔಷಧಿ, 2023ರಲ್ಲಿ ನಮ್ಮ ದೇಶದಲ್ಲಿ ಇದ್ದದ್ದು ಕೆಲವೇ ಜನಕ್ಕಾಗೋಷ್ಟು. ಈ ವೈರಸ್ ಸದ್ಯಕ್ಕೆ ಕೊರೋನಾ ಥರ ಓಡಲ್ಲ, ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗೂ ಹಬ್ಬಲ್ಲ, ಹಾಗಾಗಿ ಮೊದಲ ವಾರ್ಡಲ್ಲೇ ಹಿಡಿದ್ರೆ ಅಲ್ಲೇ ನಿಲ್ಲತ್ತೆ.

ಕಾನೂನಿನ ಮಾತು ಒಂದು. ಹಳೇ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿಗಳನ್ನ ಇಲಿ, ಕಾಗೆ ಜೊತೆ ಉಪದ್ರವಿ ಪ್ರಾಣಿ ಪಟ್ಟಿಗೆ ಸೇರಿಸಿದ್ರು, 1972ರಿಂದ ಯಾರು ಬೇಕಾದ್ರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿನೇ ಹೋಯ್ತು, ದೊಡ್ಡ ಬಾವಲಿ ಈಗ ಎರಡನೇ ಶೆಡ್ಯೂಲ್‌ನಲ್ಲಿದೆ, ಕೊಂದ್ರೆ ಅಪರಾಧ. ಇದು ಪಂಚಾಯ್ತಿ ಮಟ್ಟದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಿಮ್ಮೂರಲ್ಲಿ ಬಾವಲಿ ಮರ ಕಡಿಯೋ ಮಾತು ಬಂದ್ರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಇದ್ಯಾ ಅಂತ ಮೊದಲು ಕೇಳಿ, ಮರದಲ್ಲಿ ಬಾವಲಿ ಇರೋ ಫೋಟೋ ಇಟ್ಟು ಲಿಖಿತವಾಗಿ ಆಕ್ಷೇಪ ಕೊಡಿ, ಹಿಂಬರಹ ತಗೊಳ್ಳಿ. ಜೊತೆಗೆ ಆ ಮರದ ಕೆಳಗೆ ಇರೋ ತೆರೆದ ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿ, ದನ ಕಟ್ಟೋದನ್ನ, ಬಸ್ಸಿಗೆ ಕಾಯೋ ಬೆಂಚನ್ನ ಇಪ್ಪತ್ತು ಮೂವತ್ತು ಅಡಿ ಆಚೆಗೆ ಹಾಕಿಸಿ. ಇದಕ್ಕೆ ಆಗೋ ಖರ್ಚು ಮರ ಕಡಿಸೋ ಖರ್ಚಿಗಿಂತ ಕಡಿಮೆ.